ಒಂದು ಪೌಂಡಿಗೆ ನಾಲ್ಕು ಸುತ್ತು: ಮೋಟಾರು ಪಂದ್ಯಕ್ಕೆ ಬಂದ ಹೊಸಬರ ಕಥೆ

ವೇಗದ ಮೋಹ ಮನುಷ್ಯನಿಗೆ ಹೊಸದಲ್ಲ. ನಮ್ಮ ಭಾರತ ಕಥೆಯಲ್ಲಿ ಸಾರಥ್ಯವೆಂಬುದು ಬರಿಯ ಚಾಕರಿಯಲ್ಲ, ಅದೊಂದು ವಿದ್ಯೆ. ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ತೇರನ್ನು ನಡೆಸುತ್ತಿದ್ದಾಗ ರಾಜನ ಉತ್ತರೀಯವು ಗಾಳಿಗೆ ಹಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳೋಣವೆಂದು ರಾಜನು ಬಾಯಿ ತೆರೆಯುವಷ್ಟರಲ್ಲಿ ತೇರು ಒಂದು ಯೋಜನ ಮುಂದೆ ಹೋಗಿದ್ದಿತು. ಇದು ಬಲ್ಲವನ ಕಥೆ. ಹೊಸಬನ ಕಥೆಯೂ ಅಲ್ಲಿಯೇ ಇದೆ. ಅಂತಃಪುರದ ಹೆಂಗಸರ ಮುಂದೆ ಜಂಬ ಕೊಚ್ಚಿದ ಉತ್ತರಕುಮಾರನು ಕೌರವರ ಸೇನೆಯನ್ನು ಕಂಡೊಡನೆ ತೇರಿನಿಂದ ಧುಮುಕಿ ಓಡಿದನು. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಅವನನ್ನು ಹಿಡಿದು ತಂದು, ಕೈಗೆ ಲಗಾಮು ಕೊಟ್ಟು ಕೂರಿಸಿದನು. ಬಿಲ್ಲು ಹಿಡಿಯಲು ಬಂದ ಹುಡುಗ ಮೊದಲು ಲಗಾಮು ಹಿಡಿಯುವುದನ್ನು ಕಲಿತನು. ಇಪ್ಪತ್ತೆಂಟು ವರ್ಷ ಈ ಪ್ರಸಂಗವನ್ನು ತರಗತಿಯಲ್ಲಿ ಪಾಠ ಹೇಳಿದ ನನಗೆ ಅದರ ಒಳಗುಟ್ಟು ತಿಳಿದದ್ದು ಈಚೆಗೆ. ಅದೂ ಹಳೆಯ ಶಿಷ್ಯನೊಬ್ಬನ ಪ್ರಶ್ನೆಯಿಂದ.

ಆ ಹುಡುಗ ನಮ್ಮ ಶಾಲೆಯಲ್ಲಿ ಓದು ಮುಗಿಸಿ ಮೋಟಾರು ರಿಪೇರಿಯ ಕೆಲಸಕ್ಕೆ ಸೇರಿದ್ದ. ಒಂದು ದಿನ ಬೆಳಗಿನ ಜಾವ ಗೆಳೆಯನೊಡನೆ ಪಂದ್ಯ ಕಟ್ಟಿ ಊರ ಹೊರಗಿನ ಹೆದ್ದಾರಿಯಲ್ಲಿ ಕಾರು ಓಡಿಸಿದ. ಹೂವಿನ ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೊರಟಿದ್ದ ಹೆಂಗಸೊಬ್ಬಳಿಗೆ ಗೆಳೆಯನ ಕಾರು ತಾಗಿತು. ಆಕೆಯ ಕಾಲು ಮುರಿಯಿತು. ಡಿಕ್ಕಿ ಹೊಡೆದದ್ದು ಗೆಳೆಯನ ಕಾರು. ಪಂದ್ಯ ಕಟ್ಟಿದವನು ಇವನು. ಕೆಲವು ದಿನಗಳ ಮೇಲೆ ನನ್ನ ಮುಂದೆ ಬಂದು ಕಣ್ಣೀರಿಟ್ಟ. ಮೇಷ್ಟರುಗಳು ಹೇಳುವುದನ್ನೆಲ್ಲ ನಾನೂ ಹೇಳಿದೆ. ತಲೆ ತಗ್ಗಿಸಿ ಕೇಳಿದ ಅವನು ಕಡೆಗೆ ಒಂದು ಮಾತು ಕೇಳಿದ: “ಮಾಡಬಾರದು ಅಂತ ತಿಳಿಯಿತು ಸಾರ್. ಹಾಗಾದರೆ ಎಲ್ಲಿ ಮಾಡಲಿ?” ನನ್ನಲ್ಲಿ ಉತ್ತರವಿರಲಿಲ್ಲ. ಬೇಡವೆನ್ನುವುದನ್ನು ನಾವು ಬಲ್ಲೆವು. ಎಲ್ಲಿ, ಹೇಗೆ ಎನ್ನುವುದನ್ನು ಬಲ್ಲೆವೆ? ಉತ್ತರವನ್ನು ಹುಡುಕಿಕೊಂಡು ನಾನು ಇತಿಹಾಸದ ಪುಟಗಳಿಗೆ ಹೋದೆ. ಅಲ್ಲಿ ಕಂಡದ್ದನ್ನು ಓದುಗರ ಮುಂದೆ ಇಡುತ್ತೇನೆ.

ಮೊದಲು ಕಂಡ ಸಂಗತಿಯೆಂದರೆ, ಈ ಹುಡುಗನ ತಪ್ಪನ್ನು ಮೋಟಾರು ಪಂದ್ಯವೇ ತನ್ನ ಬಾಲ್ಯದಲ್ಲಿ ಮಾಡಿತ್ತು. ಕಾರು ಹುಟ್ಟಿದ ಹೊಸದರಲ್ಲಿ ಪಂದ್ಯಗಳು ನಡೆಯುತ್ತಿದ್ದುದು ಊರಿಂದೂರಿಗೆ ಹೋಗುವ ಸಾರ್ವಜನಿಕ ರಸ್ತೆಗಳಲ್ಲಿ. 1903ರ ಮೇ 24ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಸ್ಪೇನಿನ ಮ್ಯಾಡ್ರಿಡ್ಡಿಗೆಂದು ಒಂದು ಮಹಾ ಪಂದ್ಯ ಹೊರಟಿತು. ದಾರಿಯ ಇಕ್ಕೆಲಗಳಲ್ಲಿಯೂ ಜಾತ್ರೆಯಂತೆ ಜನ. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ದಾರಿಯೇ ಕಾಣದು. ಓಡಿಸುವವರು, ನೋಡುವವರು ಎರಡು ಪಕ್ಷದಲ್ಲಿಯೂ ಸಾವುಗಳಾದುವು. ರೆನೋ ಕಾರ್ಖಾನೆಯ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಮಡಿದನು. ಸರಕಾರವು ಪಂದ್ಯವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿತು. ವೇಗದ ಆ ರಾಜರುಗಳನ್ನು ಕುದುರೆಗಳಿಗೆ ಕಟ್ಟಿ ರೈಲ್ವೆ ನಿಲ್ದಾಣಕ್ಕೆ ಎಳೆಸಿದರೆಂದು ಹೇಳುತ್ತಾರೆ. ಪಂದ್ಯಕ್ಕೂ ದಾರಿಹೋಕರಿಗೂ ನಡುವೆ ಬೇಲಿ ಬೇಕೆಂಬ ಪಾಠವನ್ನು ಯೂರೋಪು ಇಷ್ಟು ಬೆಲೆ ಕೊಟ್ಟು ಕಲಿಯತೊಡಗಿತು.

ಇಂಗ್ಲೆಂಡಿನಲ್ಲಿ ರಸ್ತೆಯ ಮೇಲೆ ಪಂದ್ಯಕ್ಕೆ ಆಸ್ಪದವೇ ಇರಲಿಲ್ಲ. 1903ರ ಕಾನೂನು ಗಂಟೆಗೆ 20 ಮೈಲಿಯ ಮಿತಿಯನ್ನು ಹಾಕಿತ್ತು. ಆಗ ಹ್ಯೂ ಲಾಕ್ ಕಿಂಗ್ ಎಂಬ ಸಿರಿವಂತನು ಸರ್ರೆ ಸೀಮೆಯ ವೇಬ್ರಿಡ್ಜಿನ ಬಳಿ ತನ್ನ ಸ್ವಂತ ನೆಲದಲ್ಲಿ ಕಾಂಕ್ರೀಟಿನ ಪಂದ್ಯಮಾರ್ಗವೊಂದನ್ನು ಕಟ್ಟಿಸಿದನು. 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಎಂಬ ಈ ಮಾರ್ಗದ ಸುತ್ತಳತೆ ಎರಡೂ ಮುಕ್ಕಾಲು ಮೈಲಿ; ತಿರುವುಗಳು ಬಾಣಲೆಯ ಅಂಚಿನಂತೆ ಓರೆಯಾಗಿ ಎದ್ದಿದ್ದುವು. ಮೋಟಾರು ಪಂದ್ಯ ನಡೆಸುವ ಪದ್ಧತಿ ಯಾರಿಗೂ ತಿಳಿಯದಿದ್ದುದರಿಂದ ಕುದುರೆಪಂದ್ಯದ ಪದ್ಧತಿಯನ್ನೇ ತಂದರು. ಗುರುತಿಗಾಗಿ ಓಡಿಸುವವರು ಜಾಕಿಗಳಂತೆ ಬಣ್ಣಬಣ್ಣದ ಮೇಲಂಗಿ ತೊಟ್ಟರು. ದಾರಿಹೋಕರಿಗೆ ಬೇಲಿ ಸಿಕ್ಕಿತು, ನಿಜ. ಆದರೆ ಆ ಬೇಲಿ ಬಡವನನ್ನೂ ಹೊರಗಿಟ್ಟಿತು. ಯೋಗ್ಯರಾದ ಜನರು ಸಾಕು, ಗುಂಪು ಬೇಡ ಎಂಬ ಅರ್ಥದ ಮಾತನ್ನೇ ಬ್ರೂಕ್‌ಲ್ಯಾಂಡ್ಸ್ ತನ್ನ ಹೆಗ್ಗಳಿಕೆಯಾಗಿ ಸಾರಿಕೊಂಡಿತ್ತು. ದೊಡ್ಡ ಥೈಲಿ ಇಲ್ಲದ ಹೊಸಬನು ಅಲ್ಲಿ ಟಿಕೇಟು ಕೊಂಡು ನೋಡಬಹುದಿತ್ತು, ಅಷ್ಟೇ.

ಹಾಗಾದರೆ ಸಾಮಾನ್ಯ ಗುಮಾಸ್ತ, ಅಂಗಡಿಯವ, ಮೆಕ್ಯಾನಿಕ್ಕು ಈ ಕ್ರೀಡೆಯ ಒಳಕ್ಕೆ ಬಂದದ್ದು ಹೇಗೆ? ಬಾಗಿಲು ತೆರೆದದ್ದು ಒಂದು ಪುಟ್ಟ ಕಾರು.

1921ರಲ್ಲಿ ಹರ್ಬರ್ಟ್ ಆಸ್ಟಿನ್ನನ ಕಾರ್ಖಾನೆ ಸಾಲದ ಸುಳಿಯಲ್ಲಿ ಸಿಕ್ಕಿತ್ತು. ಸೈಡ್‌ಕಾರು ಕಟ್ಟಿದ ಮೋಟಾರು ಸೈಕಲ್ಲಿನಲ್ಲಿ ಮಳೆಗೆ ನೆನೆಯುತ್ತ ಹೋಗುವ ಸಂಸಾರಸ್ಥನಿಗೆ ಕೈಗೆಟುಕುವ ನಿಜವಾದ ಕಾರನ್ನು ಮಾಡಬೇಕೆಂದು ಆತನು ಹಠ ಹಿಡಿದನು. ಜೊತೆಯ ನಿರ್ದೇಶಕರು ಒಪ್ಪಲಿಲ್ಲ. ಆತನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತನ್ನ ಮನೆಗೆ ಕರೆಸಿಕೊಂಡು, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದನು. 1922ರಲ್ಲಿ ಹೊರಬಂದ ಆ ಕಾರೇ ‘ಆಸ್ಟಿನ್ ಸೆವೆನ್’. ನಾಲ್ಕು ಸಿಲಿಂಡರು, ಸುಮಾರು 750 ಘನ ಸೆಂಟಿಮೀಟರಿನ ಎಂಜಿನು, ನಾಲ್ಕು ಚಕ್ರಕ್ಕೂ ಬ್ರೇಕು. 1939ರವರೆಗೆ ಸುಮಾರು ಮೂರು ಲಕ್ಷಕ್ಕೆ ಸಮೀಪದಷ್ಟು ಕಾರುಗಳು ತಯಾರಾದುವು. ಹೊಸದಾಗಿದ್ದಾಗ ಅದು ಸಂಸಾರಸ್ಥನ ವಾಹನ. ಹಳತಾದಾಗ ಅದು ಹುಡುಗರ ಪಾಠಶಾಲೆಯಾಯಿತು. ಹಳೆಯದನ್ನು ಅಲ್ಪ ಬೆಲೆಗೆ ಕೊಳ್ಳಬಹುದು, ಮನೆಯ ಹಿತ್ತಿಲಲ್ಲಿಯೇ ಬಿಚ್ಚಬಹುದು, ಬಿಚ್ಚಿದ್ದನ್ನು ಒಬ್ಬನೇ ಎತ್ತಿ ಜೋಡಿಸಬಹುದು. ಕೆಟ್ಟರೆ ಬಿಡಿಭಾಗ ಎಲ್ಲೆಡೆಯೂ ಸಿಕ್ಕುತ್ತಿತ್ತು.

ಇಂತಹ ಕಾರುಗಳಿಗೆ ಒಪ್ಪುವ ಕ್ರೀಡೆಯೂ ಇತ್ತು. ಇಂಗ್ಲಿಷರು ಅದನ್ನು ‘ಟ್ರಯಲ್’ ಎನ್ನುತ್ತಾರೆ. ನಾವು ಪರೀಕ್ಷೆ ಎನ್ನೋಣ. 1901ರಲ್ಲಿ ಸ್ಥಾಪಿತವಾದ ಮೋಟಾರ್ ಸೈಕ್ಲಿಂಗ್ ಕ್ಲಬ್ಬು ಲಂಡನ್ನಿನಿಂದ ಲ್ಯಾಂಡ್ಸ್ ಎಂಡ್ ಎಂಬ ಕಡಲ ತುದಿಯವರೆಗೆ ನಡೆಸುವ ಪರೀಕ್ಷೆಯು 1908ರಷ್ಟು ಹಿಂದಿನದು. ಇಲ್ಲಿ ಒಬ್ಬನನ್ನೊಬ್ಬ ಹಿಂದಿಕ್ಕುವ ಮಾತಿಲ್ಲ. ಕೆಸರು ತುಂಬಿದ ಕಡಿದಾದ ದಿಬ್ಬವನ್ನು ಎಲ್ಲಿಯೂ ನಿಲ್ಲದೆ ಹತ್ತಬೇಕು. ನಿಂತರೆ ಅಂಕ ಹೋಯಿತು. ಚಕ್ರ ಹಿಡಿತ ತಪ್ಪಿದಾಗ ಪಕ್ಕದಲ್ಲಿ ಕುಳಿತ ಜೊತೆಗಾರನು ಎದ್ದೆದ್ದು ಕುಕ್ಕಿ ಹಿಂದಿನ ಚಕ್ರಕ್ಕೆ ಭಾರ ಕೊಡುತ್ತಿದ್ದನು. ನೋಡುವವರಿಗೆ ನಗೆ, ಮಾಡುವವನಿಗೆ ಶಿಕ್ಷಣ. ಗಿಡ್ಡ ವೇಗದಲ್ಲಿ ಕಾರಿನ ತೂಕ ಎತ್ತ ಸರಿಯುತ್ತದೆ, ಚಕ್ರ ಎಂದು ಜಾರುತ್ತದೆ ಎಂಬುದನ್ನು ಪ್ರಾಣಕ್ಕೆ ಅಪಾಯವಿಲ್ಲದೆ ಕಲಿಯುವ ಉಪಾಯವಿದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಅಕ್ಷರಾರ್ಥದ ವ್ಯಾಖ್ಯಾನ ಬೇಕೆ?

1939ರಲ್ಲಿ ಆಸ್ಟಿನ್ ಸೆವೆನ್ ಪ್ರಿಯರೆಲ್ಲ ಸೇರಿ ‘750 ಮೋಟಾರ್ ಕ್ಲಬ್’ ಎಂಬ ಸಂಘ ಕಟ್ಟಿದರು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಬ್ರೂಕ್‌ಲ್ಯಾಂಡ್ಸ್ ವಿಮಾನ ಕಾರ್ಖಾನೆಗಳ ವಶವಾಗಿ, ಮತ್ತೆ ಪಂದ್ಯಮಾರ್ಗವಾಗಲೇ ಇಲ್ಲ. ಆದರೆ ಯುದ್ಧವು ಒಂದು ಕೈಯಿಂದ ಕಸಿದದ್ದನ್ನು ಇನ್ನೊಂದು ಕೈಯಿಂದ ಕೊಟ್ಟಿತು. ಬಾಂಬರು ವಿಮಾನಗಳಿಗಾಗಿ ಹಳ್ಳಿಗಾಡಿನಲ್ಲಿ ಹಾಕಿದ್ದ ಓಟದಾರಿಗಳು ಶಾಂತಿಯಾದ ಮೇಲೆ ಕೇಳುವವರಿಲ್ಲದೆ ಬಿದ್ದಿದ್ದುವು. 1947ರಲ್ಲಿ ಹತ್ತಿರದ ಒಂದಿಷ್ಟು ಮಂದಿ ಗೆಳೆಯರು ಯಾರಿಗೂ ಹೇಳದೆ ಸಿಲ್ವರ್‌ಸ್ಟೋನ್ ಎಂಬ ಅಂತಹ ಮೈದಾನಕ್ಕೆ ನುಗ್ಗಿ ಪಂದ್ಯ ನಡೆಸಿದರು. ಅಲ್ಲಿ ಮೇಯುತ್ತಿದ್ದ ಕುರಿಯೊಂದು ಕಾರಿಗೆ ಅಡ್ಡ ಬಂದಿತು. ಕುರಿ ಸತ್ತಿತು, ಕಾರೂ ಕೆಟ್ಟಿತು. ಆ ಪಂದ್ಯಕ್ಕೆ ‘ಕುರಿಮಾಂಸದ ಮಹಾಪಂದ್ಯ’ವೆಂದು ಹೆಸರಾಯಿತು. ಮರುವರ್ಷವೇ ಅಕ್ಟೋಬರಿನಲ್ಲಿ ಅದೇ ನೆಲದಲ್ಲಿ ವಿಧಿವತ್ತಾದ ಗ್ರ್ಯಾಂಡ್ ಪ್ರಿ ನಡೆಯಿತು. ಗುಡ್‌ವುಡ್, ಸ್ನೆಟರ್ಟನ್, ಥ್ರಕ್ಸ್‌ಟನ್ ಮಾರ್ಗಗಳೂ ಹೀಗೆಯೇ ವಿಮಾನದ ನೆಲದಲ್ಲಿ ಹುಟ್ಟಿದುವು.

ನೆಲ ಸಿಕ್ಕಿತು, ಕಾರು ಸಿಕ್ಕಿತು. ಇನ್ನು ಹೊಸಬರನ್ನು ನೋಡೋಣ.

ಕಾಲಿನ್ ಚ್ಯಾಪ್‌ಮನ್ ಲಂಡನ್ನಿನ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಹಳೆಯ ಕಾರು ಮಾರುತ್ತಿದ್ದ ವಿದ್ಯಾರ್ಥಿ. ಪೆಟ್ರೋಲಿನ ಪಡಿತರ ಬಿಗಿಯಾಗಿ ವ್ಯಾಪಾರ ಕುಸಿದಾಗ 1928ರ ಆಸ್ಟಿನ್ ಸೆವೆನ್ ಒಂದು ಮಾರಾಟವಾಗದೆ ಉಳಿಯಿತು. ತಾನು ಮುಂದೆ ಮದುವೆಯಾಗಲಿದ್ದ ಹೇಜೆಲ್ ಎಂಬಾಕೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ಪರೀಕ್ಷೆಗಳಿಗೆ ಒಪ್ಪುವ ಹಾಗೆ ಮತ್ತೆ ಕಟ್ಟಿದನು. 1948ರ ಆ ಕಾರೇ ಮೊದಲನೆಯ ಲೋಟಸ್. ತರುವಾಯ 750 ಕ್ಲಬ್ಬಿನ ಪಂದ್ಯಗಳಿಗಾಗಿ ಇನ್ನೊಂದು ಕಾರು ಕಟ್ಟಿದನು. ಆ ಪಂದ್ಯಗಳ ನಿಯಮ ಸರಳವಾದುದು: ಎಲ್ಲರಿಗೂ ಆಸ್ಟಿನ್ ಸೆವೆನ್ನಿನ ಎಂಜಿನೇ. ಆ ಎಂಜಿನಿಗೆ ಗಾಳಿ ಪೆಟ್ರೋಲು ಒಳಹೋಗುವ ಬಾಯಿಗಳು ಎರಡೇ. ಒಂದೊಂದು ಬಾಯಿಯನ್ನು ಎರಡೆರಡು ಸಿಲಿಂಡರುಗಳು ಹಂಚಿಕೊಂಡು, ಒಂದರ ತುತ್ತನ್ನು ಇನ್ನೊಂದು ಕಸಿಯುತ್ತಿದ್ದುವು. ಚ್ಯಾಪ್‌ಮನ್ ಒಳಗೊಂದು ತಡಿಕೆ ಹಾಕಿ ಪಾಲು ಮಾಡಿದನು. 1951ರಲ್ಲಿ ಅವನ ಕಾರನ್ನು ಹಿಡಿಯುವವರೇ ಇರಲಿಲ್ಲ. ಕಡೆಗೆ ಕ್ಲಬ್ಬು ಆ ಉಪಾಯವನ್ನು ನಿಷೇಧಿಸಿ ನಿಯಮವನ್ನೇ ತಿದ್ದಬೇಕಾಯಿತು. ಮರುವರ್ಷ ಹೇಜೆಲ್ ಕೊಟ್ಟ 25 ಪೌಂಡಿನ ಬಂಡವಾಳದಿಂದ ಕಂಪನಿ ಹುಟ್ಟಿತು. ಅದೇ ಲೋಟಸ್ ಮುಂದೆ 1963ರಿಂದ 1978ರೊಳಗೆ ಏಳು ಬಾರಿ ಜಗತ್ತಿನ ತಯಾರಕರ ಪ್ರಶಸ್ತಿಯನ್ನು ಗೆದ್ದಿತು.

ಭೂಮಿಯ ಇನ್ನೊಂದು ತುದಿಯಾದ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಪೆಟ್ರೋಲು ಬಂಕು ಮತ್ತು ರಿಪೇರಿ ಅಂಗಡಿ ಇಟ್ಟಿದ್ದವನ ಮಗ ಬ್ರೂಸ್ ಮೆಕ್ಲಾರೆನ್. ಒಂಬತ್ತನೆಯ ವಯಸ್ಸಿನಲ್ಲಿ ಸೊಂಟದ ಮೂಳೆಯ ರೋಗ ಬಂದು ಸುಮಾರು ಎರಡು ವರ್ಷ ಹಾಸಿಗೆ ಹಿಡಿದನು. ಒಂದು ಕಾಲು ಗಿಡ್ಡವಾಗಿಯೇ ಉಳಿಯಿತು. ಓಡಿ ಆಡುವ ಆಟಗಳು ಅವನಿಗೆ ಮುಚ್ಚಿಹೋದುವು. ತಂದೆಯು ಬಿಡಿಬಿಡಿಯಾಗಿ ಬಿದ್ದಿದ್ದ ಆಸ್ಟಿನ್ ಸೆವೆನ್ ಒಂದನ್ನು ಕೊಂಡು ತಂದರು. ತಂದೆಮಕ್ಕಳು ಕೂಡಿ ಅದನ್ನು ಜೋಡಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಆ ಹುಡುಗ ಮುರಿವಾಯ್ ಎಂಬಲ್ಲಿ ದಿಬ್ಬ ಹತ್ತುವ ತನ್ನ ಮೊದಲ ಸ್ಪರ್ಧೆಯಲ್ಲಿ ಭಾಗವಹಿಸಿದನು. 1958ರಲ್ಲಿ ದೇಶದ ಪಂದ್ಯಸಂಸ್ಥೆ ಕೊಟ್ಟ ವಿದ್ಯಾರ್ಥಿವೇತನದಿಂದ ಯೂರೋಪಿಗೆ ಹೋಗಿ, ಮರುವರ್ಷ 22ನೆಯ ವಯಸ್ಸಿಗೇ ಅಮೆರಿಕದ ಗ್ರ್ಯಾಂಡ್ ಪ್ರಿಯನ್ನು ಗೆದ್ದನು. ಅವನು ಕಟ್ಟಿದ ತಂಡ ಇಂದಿಗೂ ಅವನ ಹೆಸರಿನಲ್ಲಿಯೇ ನಡೆಯುತ್ತಿದೆ.

ಅವನು ಆ ಗ್ರ್ಯಾಂಡ್ ಪ್ರಿ ಗೆದ್ದದ್ದು ಕೂಪರ್ ಎಂಬ ಕಾರಿನಲ್ಲಿ. ಅದರ ಹುಟ್ಟೂ ಹೀಗೆಯೇ. 1946ರಲ್ಲಿ ಸರ್ಬಿಟನ್ ಎಂಬಲ್ಲಿ ಗ್ಯಾರೇಜು ಇಟ್ಟಿದ್ದ ಚಾರ್ಲ್ಸ್ ಕೂಪರ್ ಮತ್ತು ಅವನ ಮಗ ಜಾನ್, ಪುಟ್ಟ ಫಿಯಟ್ ಕಾರುಗಳ ಮುಂಭಾಗಗಳೆರಡನ್ನು ಹಿಂದುಮುಂದಾಗಿ ಬೆಸೆದು, ಮೋಟಾರು ಸೈಕಲ್ಲಿನ 500 ಘನ ಸೆಂಟಿಮೀಟರಿನ ಎಂಜಿನನ್ನು ಓಡಿಸುವವನ ಬೆನ್ನಹಿಂದೆ ಕೂರಿಸಿದರು. ಸೈಕಲ್ಲಿನಂತೆ ಸರಪಳಿಯಿಂದ ಹಿಂದಿನ ಚಕ್ರ ತಿರುಗಿಸಲು ಅದೇ ಸುಲಭವಾಗಿತ್ತು. ಬಡತನದ ಈ ಯುಕ್ತಿಯೇ 1959 ಮತ್ತು 1960ರಲ್ಲಿ ಜ್ಯಾಕ್ ಬ್ರ್ಯಾಬಮ್ಮನಿಗೆ ವಿಶ್ವಪದವಿಯನ್ನು ತಂದಿತು. ಆ ಬಳಿಕ ಗ್ರ್ಯಾಂಡ್ ಪ್ರಿ ಕಾರುಗಳೆಲ್ಲ ಎಂಜಿನನ್ನು ಹಿಂದಕ್ಕೆ ಹಾಕಿಕೊಂಡುವು.

ಈ ಬರಹಕ್ಕೆ ಹೆಸರು ಕೊಟ್ಟವನ ಕಥೆಯನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ. ಗ್ರಹಾಮ್ ಹಿಲ್ ಎಂಬ ಲಂಡನ್ನಿನ ಯುವಕನು ಉಪಕರಣಗಳ ಕಂಪನಿಯೊಂದರಲ್ಲಿ ಕೆಲಸ ಕಲಿತವನು. ಅವನ ಹವ್ಯಾಸ ದೋಣಿ ನಡೆಸುವುದು, ಮೋಟಾರು ಪಂದ್ಯವಲ್ಲ. 24 ವರ್ಷವಾಗುವವರೆಗೂ ಕಾರು ಓಡಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಹೀಗಿರುವಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ಬ್ರ್ಯಾಂಡ್ಸ್ ಹ್ಯಾಚ್ ಮಾರ್ಗದಲ್ಲಿ ಪಂದ್ಯದ ಕಾರು ಓಡಿಸಿ ನೋಡಬಹುದು, ಸುತ್ತಿಗೆ ಐದು ಷಿಲಿಂಗು. ಹಿಲ್ ಒಂದು ಪೌಂಡು ಕೊಟ್ಟು ನಾಲ್ಕು ಸುತ್ತು ಹಾಕಿದನು. ಕಾರು ಕೂಪರ್ 500. ಇಳಿದು ಬಂದವನು ಬೇರೆಯೇ ಮನುಷ್ಯನಾಗಿದ್ದನು. ಕೈಯಲ್ಲಿ ಹಣವಿಲ್ಲ, ಆದರೆ ಸ್ಪ್ಯಾನರು ಹಿಡಿಯಬಲ್ಲ ಕೈಯಿತ್ತು. ಓಡಿಸಲು ಅವಕಾಶ ಕೊಟ್ಟರೆ ಮೆಕ್ಯಾನಿಕ್ಕಾಗಿ ದುಡಿಯುವೆನೆಂದು ಪಂದ್ಯದ ಶಾಲೆಯೊಂದನ್ನು ಸೇರಿದನು. ಬಳಿಕ ಚ್ಯಾಪ್‌ಮನ್ನನ ಲೋಟಸ್ಸಿನಲ್ಲಿ ಮೆಕ್ಯಾನಿಕ್ಕಾದನು. 1958ರಲ್ಲಿ ಅದೇ ಲೋಟಸ್ ತಂಡಕ್ಕಾಗಿ ಮೊನಾಕೊದಲ್ಲಿ ಮೊದಲ ಗ್ರ್ಯಾಂಡ್ ಪ್ರಿ ಓಡಿದನು. 1962 ಮತ್ತು 1968ರಲ್ಲಿ ವಿಶ್ವವಿಜೇತನಾದನು. ದೋಣಿಯ ಸಂಘದ ನೀಲಿಬಿಳಿ ಬಣ್ಣವನ್ನೂ ಹುಟ್ಟುಗಳ ಚಿತ್ರವನ್ನೂ ಕಡೆಯವರೆಗೂ ತನ್ನ ಶಿರಸ್ತ್ರಾಣದ ಮೇಲೆ ಹೊತ್ತನು.

ನಮ್ಮ ನಾಡಿನ ಕಥೆಯೂ ಇದೇ ಜಾಡಿನಲ್ಲಿ ಸಾಗಿತು. ಮದರಾಸಿನ ಉತ್ತರಕ್ಕಿರುವ ಷೋಲಾವರಂ ಮಹಾಯುದ್ಧದ ಕಾಲದ ವಿಮಾನದ ಓಟದಾರಿ. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅದನ್ನು ಹಲವು ದಶಕಗಳ ಕಾಲ ಪಂದ್ಯಭೂಮಿಯಾಗಿ ಬಳಸಿ, 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟುಕೋಟೆಯಲ್ಲಿ ಸ್ವಂತ ಮಾರ್ಗವನ್ನು ತೆರೆಯಿತು. ಆಸ್ಟಿನ್ ಸೆವೆನ್ನಿನ ಪಾತ್ರವನ್ನು ನಮ್ಮಲ್ಲಿ ವಹಿಸಿದ್ದು ಮಾರುತಿ 800. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಆ ಸಂಸಾರಸ್ಥನ ಎಂಜಿನನ್ನು ಒಂಟಿ ಆಸನದ ಪಂದ್ಯದ ಕಾರಿಗೆ ಕೂರಿಸಿ ‘ಫಾರ್ಮುಲಾ ಮಾರುತಿ’ಯನ್ನು ಮಾಡಿದರು. ನರೇನ್ ಕಾರ್ತಿಕೇಯನ್ ಮೊದಲ ಪಂದ್ಯವಾಡಿದ್ದು ಆ ಕಾರಿನಲ್ಲಿಯೇ. 2005ರಲ್ಲಿ ಅವರು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿದ ಮೊದಲ ಭಾರತೀಯರಾದರು. ಕರಿವರ್ಧನ್ ಅವರ ನೆನಪಿನ ಹೆಸರನ್ನು ಹೊತ್ತ ಮಾರ್ಗವು ಕೊಯಮತ್ತೂರಿನ ಬಳಿ ಇದೆ.

ಇಷ್ಟನ್ನೂ ಓದಿದ ಮೇಲೆ ಹುಡುಗನನ್ನು ಮನೆಗೆ ಕರೆಸಿದೆ. ನನಗೆ ತೋರಿದ್ದನ್ನು ಹೇಳಿದೆ.

ಮೊದಲ ಹೆಜ್ಜೆ ರಸ್ತೆಯನ್ನು ಬಿಡುವುದು. ಎರಡನೆಯದು, ಓಡಿಸುವ ಮೊದಲು ಸೇವೆಗೆ ನಿಲ್ಲುವುದು. ಮಾರ್ಗದ ಅಂಚಿನಲ್ಲಿ ಬಾವುಟ ಹಿಡಿಯುವ ಮಾರ್ಷಲ್‌ಗಳ ನೆರವಿಲ್ಲದೆ ಯಾವ ಪಂದ್ಯವೂ ನಡೆಯದು. ಹಳದಿ ಬಾವುಟ ಬೀಸಿದರೆ ಅಪಾಯ, ಯಾರನ್ನೂ ಹಿಂದಿಕ್ಕಕೂಡದು. ನೀಲಿಯಾದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ. ಕೆಂಪಾದರೆ ಪಂದ್ಯ ನಿಂತಿತು. ಇದನ್ನು ಕಣ್ಣಾರೆ ನೋಡಿ ಕಲಿತವನು ಒಳಗೆ ಕುಳಿತಾಗ ತಬ್ಬಿಬ್ಬಾಗುವುದಿಲ್ಲ. ಮೂರನೆಯದು, ಚಿಕ್ಕದರಿಂದ ಆರಂಭಿಸುವುದು. 1956ರಲ್ಲಿ ಆರ್ಟ್ ಇಂಗಲ್ಸ್ ಎಂಬ ಕ್ಯಾಲಿಫೋರ್ನಿಯದ ಕುಶಲಕರ್ಮಿ ಹುಲ್ಲು ಕತ್ತರಿಸುವ ಯಂತ್ರದ ಎಂಜಿನಿನಿಂದ ಮಾಡಿದ ಗೋ-ಕಾರ್ಟು ಇಂದು ಲೋಕದ ಎಲ್ಲೆಡೆ ಹೊಸಬರ ಅಕ್ಷರಮಾಲೆಯಾಗಿದೆ. ಕಾಲ, ವೇಗ, ದೂರಗಳ ಲೆಕ್ಕದ ರ‍್ಯಾಲಿಯೂ ಉಂಟು. ಅದರಲ್ಲಿ ಗೊತ್ತಾದ ಹೊತ್ತಿಗಿಂತ ತಡವಾದರೂ ದಂಡ, ಬೇಗ ಬಂದರೂ ದಂಡ. ಬೆಂಗಳೂರಿನಲ್ಲಿಯೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಇದೆ. ಕೆ-1000 ರ‍್ಯಾಲಿ ಅದರದೇ. ನಿಜವಾದ ಪಂದ್ಯಕ್ಕೆ ಇಳಿಯಲು 1971ರಲ್ಲಿ ಸ್ಥಾಪಿತವಾದ ಭಾರತದ ಮೋಟಾರು ಕ್ರೀಡಾಸಂಘಗಳ ಒಕ್ಕೂಟದ ಪರವಾನಗಿ ಬೇಕು. ಇಂಗ್ಲೆಂಡಿನಲ್ಲಿ ಹೊಸಬನ ಕಾರಿನ ಹಿಂದೆ ಹಳದಿ ಚೌಕದ ಮೇಲೆ ಕಪ್ಪು ಕತ್ತರಿಗುರುತು ಅಂಟಿಸುತ್ತಾರೆ. ಅದು ಅವಮಾನವಲ್ಲ, ಇವನು ಕಲಿಯುತ್ತಿದ್ದಾನೆ, ದಾರಿ ಬಿಡಿ ಎಂಬ ವಿನಯದ ಪ್ರಕಟಣೆ.

ಬೇಲಿಯೊಳಗೆ ಅಪಾಯವಿಲ್ಲವೆಂದು ನಾನು ಹೇಳಲಿಲ್ಲ. 1955ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಕಾರೊಂದು ಜನರ ನಡುವೆ ಹಾರಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟೆಲ್ಲ ಬಲ್ಲ ಮೆಕ್ಲಾರೆನ್ 1970ರಲ್ಲಿ ಗುಡ್‌ವುಡ್‌ನಲ್ಲಿ ಕಾರಿನ ಪರೀಕ್ಷೆ ಮಾಡುತ್ತಿದ್ದಾಗ ತೀರಿಕೊಂಡನು. ಅವನಿಗಾಗ 32 ವರ್ಷ. ಆದರೆ ಮಾರ್ಗಕ್ಕೆ ಇಳಿಯುವವನು ಅಪಾಯವನ್ನು ತಿಳಿದು ಒಪ್ಪಿ ಇಳಿಯುತ್ತಾನೆ. ಹೂವಿನ ಬುಟ್ಟಿಯ ಹೆಂಗಸು ಯಾವ ಪಂದ್ಯಕ್ಕೂ ಒಪ್ಪಿಗೆ ಕೊಟ್ಟವಳಲ್ಲ. ರಸ್ತೆಗೂ ಮಾರ್ಗಕ್ಕೂ ಇರುವ ಅಂತರವೆಲ್ಲ ಇದೇ.

ಕಳೆದ ವರ್ಷ ಆ ಹುಡುಗ ಒಂದು ಪಂದ್ಯಕ್ಕೆ ಹೋಗಿ ಎರಡು ದಿನ ಬಿಸಿಲಲ್ಲಿ ಬಾವುಟ ಹಿಡಿದು ನಿಂತು ಬಂದ. ಓಡಿಸಲಿಲ್ಲವೆ ಎಂದು ಕೇಳಿದೆ. ಇನ್ನೂ ಇಲ್ಲ ಸಾರ್ ಎಂದ. ಆ ‘ಇನ್ನೂ’ ಎಂಬ ಮಾತು ನನಗೆ ಹಿಡಿಸಿತು. ಹೂವಿನ ಹೆಂಗಸು ಈಗಲೂ ಕುಂಟುತ್ತಲೇ ನಮ್ಮ ಬೀದಿಯ ಮುಂದೆ ಹೋಗುತ್ತಾಳೆ. ಆ ಕಾಲಿಗೆ ಯಾವ ಇತಿಹಾಸವೂ ಸಮಾಧಾನ ಹೇಳದು. ಮಕ್ಕಳಿಗೆ ವೇಗದ ಆಸೆ ಬರುವುದನ್ನು ಯಾವ ಮೇಷ್ಟರೂ ತಡೆಯಲಾರ. ಬಂದಾಗ ಲಗಾಮನ್ನು ಕೈಗೆ ಕೊಟ್ಟು, ಕೂರುವ ಜಾಗವನ್ನು ತೋರಿಸಬಹುದು. ಉತ್ತರಕುಮಾರನಿಗೆ ಅರ್ಜುನನು ಮಾಡಿದ ಉಪಕಾರ ಅದೇ ಅಲ್ಲವೆ?